ಪೊಳ್ಳು ತೊಲೆಯ ಮೇಜು

ಶಾಗ್ಯದ ಮಾದೇವಾಚಾರಿಯವರನ್ನು ನಾನು ಮೊದಲು ಕಂಡದ್ದು ಅವರ ಮನೆ ಮುಂದಿನ ಚಪ್ಪರದಲ್ಲಿ. ಕಿಟಕಿ ಮಾಡಿಸಲು ಹೋಗಿದ್ದೆ. ಬಾಯಲ್ಲಿ ಮೊಳೆ ಕಚ್ಚಿಕೊಂಡು, ಹುಬ್ಬಿನ ತುಂಬ ಮರದ ಹುಡಿ ಮೆತ್ತಿಕೊಂಡು ಕೂತಿದ್ದರು. ನೀಲಗಿರಿ ಮರದ ಅಗ್ಗದ ಹಲಗೆಗಳನ್ನು ಪೆಟ್ಟಿಗೆಯಂತೆ ಜೋಡಿಸಿ, ಅಂಚುಗಳನ್ನು ಬಾಚಿಯಿಂದ ಒರಟಾಗಿ ಕೆತ್ತಿ, ಹಳೇ ತೊಲೆಗಳದೇ ಎನ್ನುವಂಥ ಮೇಜು ಮಾಡುತ್ತಿದ್ದರು. ಹನೂರಿನ ಹೋಟೆಲ್ ಮಾಲೀಕ ಶಾಂತಮೂರ್ತಿ ಪಕ್ಕದಲ್ಲೇ ನಿಂತು ಮಾಡಿಸುತ್ತಿದ್ದ.

“ಒಳಗೆ ಪೊಳ್ಳು ಕಣ್ರಿ. ಯಾರಾದ್ರೂ ಕೇಳುದ್ರೆ ಏಳ್ಬುಡಿ,” ಎಂದರು ಆಚಾರಿ.

“ಏಳ್ತೀನಿ ಬುಡಿ ಆಚಾರ್ರೇ, ಮೇಜಿಗೇನು ಎಣ್ಣು ನೋಡ್ಬೇಕಾ?” ಎಂದು ಶಾಂತಮೂರ್ತಿ ನಕ್ಕ.

ಅವನು ಅದನ್ನು ಹಳೇ ಮನೆಯ ತೇಗದ ತೊಲೆಗಳ ಮೇಜೆಂದು ಮೈಸೂರಿನವರೊಬ್ಬರಿಗೆ ಮಾರಿದ. ಅವರು ತಟ್ಟಿ ನೋಡಿ ಜಗಳಕ್ಕೆ ಬಂದಾಗ ಆಚಾರಿಯನ್ನು ಕರೆಸಿ, ಜನರ ಮುಂದೆಯೇ, “ಇವ್ನು ನಂಗೂ ಟೋಪಿ ಆಕ್ದ ಸಾ,” ಎಂದುಬಿಟ್ಟ. ಅವತ್ತು ಚಪ್ಪರದಲ್ಲಿ ಕೇಳಿಸಿಕೊಂಡದ್ದನ್ನು ನಾನು ಹೇಳಿದರೂ ಯಾರೂ ಕಿವಿಗೊಡಲಿಲ್ಲ.

ನಮ್ಮ ಕಡೆ ಹೊಸ ಮನೆಗೆ ಬಾಗಿಲು ನಿಲ್ಲಿಸುವ ದಿನ ಮೊದಲ ತಾಂಬೂಲ ಆಚಾರಿಗೆ. ಮೋಸಗಾರನೆಂಬ ಹೆಸರು ಬಿದ್ದವನ ಕೈಯಲ್ಲಿ ಬಾಗಿಲು ನಿಲ್ಲಿಸುವುದಿಲ್ಲ. ಆಚಾರಿಯ ಪಕ್ಕದ ಮನೆಯವರೇ ಬಂಡಳ್ಳಿಯಿಂದ ಬೇರೆಯವರನ್ನು ಕರೆಸಿಕೊಂಡರು.

ಮಾದೇವಾಚಾರಿ ಈಗ ಕೊಳ್ಳೇಗಾಲದ ಒಂದು ಸಾಮಿಲ್‌ನಲ್ಲಿ ದಿಮ್ಮಿ ಕೊಯ್ಯುತ್ತಾರೆ.