ಉಳಿದದ್ದು ಒಂದ ಚೆಂಡುಹೂವಿನ ಗಿಡ

ಗೆಳತ್ಯಾರ, ಇವತ್ತ ಧಾರವಾಡದ ಸಾಲಿಯೊಂದರಾಗ ನನ್ನ ಟ್ರೇನಿಂಗ್ ಕಾಲೇಜಿನ ಪರೀಕ್ಷಾ ಪಾಠ ಇತ್ತು: ‘ಗಿಡಗಳನ್ನು ಉಳಿಸಿರಿ.’ ಬೇರು ತೋರಿಸಬೇಕಂತ ಅಂಗಳದ ಚೆಂಡುಹೂವಿನ ಗಿಡಾ ಕೀಳಾಕ ಕೈ ಹಾಕಿದೆ. ನಾಕನೇ ಇಯತ್ತೆ ಹುಡಿಗ್ಯಾರು ಓಡಿ ಬಂದು ಸುತ್ತುಗಟ್ಟಿ ನಿಂತರು.

"ಬ್ಯಾಡ್ರಿ ಅಕ್ಕೋರ! ನಿಮ್ಮಂಗ ಪಾಠಕ್ಕ ಬಂದ ಅಕ್ಕೋರೆಲ್ಲಾ ಒಂದೊಂದು ಕಿತ್ತು, ಈಗ ಇದೊಂದ ಉಳದೈತ್ರಿ."

ಎಲ್ಲಾರನ್ನೂ ಗಿಡದ ಸುತ್ತಲೇ ಕೂಡಿಸಿದೆ. ಮಣ್ಣು ಸ್ವಲ್ಪ ಸರಿಸಿ ಬೇರು ತೋರಿಸಿ, ಮತ್ತ ಮುಚ್ಚಿದೆ.

ಟಾಂಗಾದಾಗ ಬಂದಿದ್ದ ಪರೀಕ್ಷಕರು ಕನ್ನಡಕದ ಮ್ಯಾಲಿಂದ ನೋಡಿದರು. "ಪಾಠೋಪಕರಣ ಟೇಬಲ್ ಮ್ಯಾಲೆ ಇರಬೇಕಿತ್ತವಾ. ಮಾರ್ಕು ಕಡಿಮಿ ಮಾಡಬೇಕಾಕ್ಕೈತಿ. ನಿಯಮ ಹಂಗೈತಿ, ನಾ ಏನ್ ಮಾಡ್ಲಿ?"

ಹೋಗುವಾಗ, ತಮಗ ಕುಡ್ಯಾಕ ಇಟ್ಟಿದ್ದ ತಂಬಿಗಿ ನೀರನ್ನ ಆ ಗಿಡದ ಬುಡಕ್ಕ ಸುರುವಿದರು. ಯಾರೂ ನೋಡಿಲ್ಲಂತ ತಿಳ್ಕೊಂಡಾರ.