ಕಾರ್ಟೂನ್ ಎತ್ತು ಎದ್ದಾಗ

ನೆಲೋಗಿಯಿಂದ ಜೇವರ್ಗಿಗೆ ಹೋಗುವ ಬಸ್ಸಿನಲ್ಲಿ ಮೊಬೈಲಿನಲ್ಲಿ ಕಾರ್ಟೂನ್ ಸಿನಿಮಾ ನೋಡುತ್ತಿದ್ದೆ. ಅದರಲ್ಲಿ ಒಂದು ಎತ್ತು ಊರವರಿಗೆಲ್ಲ ಜೋಕು ಹೇಳುತ್ತದೆ. ಇದಕ್ಕಿಂತ ಒಳ್ಳೆಯ ಕಾಮಿಡಿ ಇಲ್ಲ ಅಂತ ನನ್ನ ವಾದ. ಅವತ್ತು ನೋಡಿದ್ದು ನಾಲ್ಕನೇ ಸಲ. ಪಕ್ಕದಲ್ಲಿದ್ದ ರೈತರೊಬ್ಬರೂ ಬಗ್ಗಿ ನೋಡಿ ನಗುತ್ತಿದ್ದರು. ಮಲಗಿದ್ದ ಎತ್ತು ಎದ್ದದ್ದೇ ತಡ, ಅವರ ನಗು ನಿಂತಿತು.

“ಸುಳ್ಳ ತೆಗದಾರ್ರಿ. ಮುಂಗಾಲ ಮೊದಲ ಊರಿ ಏಳೋದು ಕುದುರಿ. ಎತ್ತು ಮೊದಲ ಹಿಂಗಾಲ ಊರ್ತದ.”

“ಕಾಕಾ, ಎತ್ತು ಮಾತಾಡೋದು ಖರೆ ಏನ್ರಿ?”

“ಮಾತೇನ್ರಿ, ನಮ್ಮ ಎತ್ತೂ ಆಡ್ತಾವ. ಹಿಂಗ ಏಳಂಗಿಲ್ಲ.”

ಮರುವಾರ ಕೆಲಸಕ್ಕೆಂದು ಮಣ್ಣೂರಿಗೆ ಹೋದವನು, ಮಲಗಿದ್ದ ಎತ್ತಿನ ಮುಂದೆ ಅರ್ಧ ತಾಸು ಕಾದು ನಿಂತೆ. ಹಿಂಗಾಲು ಊರಿಯೇ ಎದ್ದಿತು. ಮಾತು ಮಾತ್ರ ಆಡಲಿಲ್ಲ. ಗುರುತು ಪರಿಚಯ ಇಲ್ಲದವರ ಜೊತೆ ಆಡುವುದಿಲ್ಲವೇನೋ.