ಕಿಟಕಿಯಿಂದ ಹಾಕಿದ ಏಪ್ರನ್

ಇಂಟರ್ನ್‌ಶಿಪ್ ಮಾಡಿದ ಆ ವರ್ಷ ನಾನು ಆಸ್ಪತ್ರೆಗಿಂತ ಹೆಚ್ಚು ಬಸ್ಸಿನಲ್ಲೇ ಇದ್ದೆ ಎಂದು ಈಗಲೂ ಸಿಟ್ಟಿನಿಂದ ಹೇಳುತ್ತೇನೆ. ರಾಯಚೂರಿನಲ್ಲಿ ಒಂದಷ್ಟು ದಿನ, ದೇವದುರ್ಗದಲ್ಲಿ ಒಂದು ತಿಂಗಳು, ಆಮೇಲೆ ಮಾನ್ವಿ. ವಾರ್ಡಿನ ಸಿಸ್ಟರ್ ನನ್ನ ಹೆಸರು ಕಲಿಯುವಷ್ಟರಲ್ಲಿ ಗಂಟುಮೂಟೆ ಕಟ್ಟುವ ದಿನ ಬಂದಿರುತ್ತಿತ್ತು. ಬ್ಯಾಚಿನ ಉಳಿದವರೆಲ್ಲ ಇಬ್ಬಿಬ್ಬರಾಗಿ ಹೋದರು. ಜೋಡಿ ಸಿಗದೆ ಉಳಿದವಳು ನಾನು.

ದೇವದುರ್ಗದ ಬಾಡಿಗೆ ಕೋಣೆಯಲ್ಲಿ ಸಂಜೆ ಗೋಡೆ ನೋಡುತ್ತ ಕೂತಿರುವಾಗ ಅವ್ವನ ಫೋನು ಬರುತ್ತಿತ್ತು.

"ಉಂಡೀಯೇನು?"

"ಹೂಂ ಬೇ, ಉಂಡೀನಿ."

ಅವ್ವನಿಗೆ ಪ್ರೀತಿಯಿಂದ ಬೇ ಎನ್ನುತ್ತಲೇ ಹೇಳುತ್ತಿದ್ದ ಅಪ್ಪಟ ಸುಳ್ಳು. ಒಬ್ಬಳೇ ತಟ್ಟೆಯ ಮುಂದೆ ಕೂರುವುದಕ್ಕಿಂತ ನಾಲ್ಕು ಬಿಸ್ಕತ್ತು ತಿಂದು ಮಲಗುವುದೇ ವಾಸಿ ಎನಿಸುತ್ತಿತ್ತು. ನಿಜ ಹೇಳಿದರೆ ಅವಳು ಅಳುತ್ತಾಳೆ, ಅವಳು ಅತ್ತರೆ ನಾನೂ ಅಳುತ್ತೇನೆ. ಯಾಕೆ ಬೇಕು ಆ ಉಸಾಬರಿ?

ಅಲ್ಲಿನ ಕೊನೆಯ ದಿನ ದೊಡ್ಡ ಡಾಕ್ಟರು ನನ್ನ ಲಾಗ್ ಬುಕ್ಕಿಗೆ ಸಹಿ ಹಾಕಿದರು. ಆ ತಿಂಗಳು ನಾನು ಕೆಲಸ ಮಾಡಿದ್ದಕ್ಕೆ ಅದೊಂದೇ ಸಾಕ್ಷಿ. ಅವರಿಗೂ ವರ್ಗವಾಗಿತ್ತು, ಅಂದೇ ದೂರದ ಊರಿಗೆ ಹೊರಟಿದ್ದರು.

"ಜ್ವಾಕಿ ಇಟ್ಕೋರಿ. ಇದು ಕಳದ್ರ ಇಡೀ ತಿಂಗಳು ಮತ್ತ ಮಾಡಬೇಕಾಗ್ತದ ನೋಡ್ರಿ," ಎಂದರು.

ಇನ್ನೊಂದು ತಿಂಗಳು ಅದೇ ಗೋಡೆ! ಪುಸ್ತಕವನ್ನು ನನ್ನ ಬಿಳಿ ಕೋಟಿನ, ಅಂದರೆ ಏಪ್ರನ್ನಿನ, ಜೇಬಿಗೆ ತುರುಕಿ, ಏಪ್ರನ್ ಮಡಚಿ ಕೈಯಲ್ಲೇ ಹಿಡಿದುಕೊಂಡೆ.

ಮಾನ್ವಿ ಬಸ್ಸು ಬಂದದ್ದೇ ತಡ, ಜನ ಮುಗಿಬಿದ್ದರು. ನಮ್ಮ ಕಡೆ ಸೀಟು ಹಿಡಿಯುವುದು ಬಾಗಿಲಿನಿಂದಲ್ಲ, ಕಿಟಕಿಯಿಂದ. ಟವೆಲೋ ಚೀಲವೋ ಒಳಗೆ ಹಾಕಿಬಿಟ್ಟರೆ ಆ ಸೀಟು ನಿಮ್ಮದು. ಬೆನ್ನಿನ ಬ್ಯಾಗು ಇಳಿಸುವ ಪುರುಸೊತ್ತಿಲ್ಲದೆ ಕೈಯಲ್ಲಿದ್ದ ಏಪ್ರನ್ನನ್ನೇ ಹಾಕಿದೆ. ಒಳಗಿನಿಂದ ಯಾರೋ ಅದನ್ನು ಎಳೆದು ಸರಿಯಾಗಿ ಹಾಸಿದರು. ಕಂಡಕ್ಟರ್, "ಇನ್ನಾ ಹತ್ತು ನಿಮಿಷ ಅದರೀ," ಎಂದ. ನಾನು ನೀರಿನ ಬಾಟಲಿ ತರಲು ಹೋದೆ.

ಐದೇ ನಿಮಿಷಕ್ಕೆ ತಿರುಗಿ ಬಂದರೆ ಬಸ್ಸೇ ಇಲ್ಲ! ಏಪ್ರನ್ ಹೋಯಿತು, ಲಾಗ್ ಬುಕ್ ಹೋಯಿತು, ಒಂದು ತಿಂಗಳು ಹೋಯಿತು. ಇಂಥ ಶ್ಯಾಣ್ಯಾಕಿ ನಾಳೆ ರೋಗಿಗಳನ್ನು ಉಳಿಸುತ್ತಾಳಂತೆ ಎಂದು ನನ್ನನ್ನು ನಾನೇ ಬೈದುಕೊಂಡೆ.

ಒಂದು ತಾಸಿನ ಮೇಲೆ ಮುಂದಿನ ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತಿದ್ದೆ. ಏಪ್ರನ್ನನ್ನು ಯಾರೋ ಕಿತ್ತು ಎಸೆದು ಕೂತಿರುತ್ತಾರೆ ಎಂದುಕೊಂಡೆ. ಅಷ್ಟು ಜನರಲ್ಲಿ ಒಬ್ಬಳು ಹತ್ತಲಿಲ್ಲ ಎಂದು ಯಾರಿಗೆ ಗೊತ್ತಾಗಬೇಕು? ನಾನು ಇಲ್ಲದ್ದು ಯಾವ ಊರಿನಲ್ಲೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಅನಿಸಿದ್ದೇ ಲಾಗ್ ಬುಕ್ ಹೋದದ್ದಕ್ಕಿಂತ ಹೆಚ್ಚು ನೋಯಿಸಿತು.

ಮಾನ್ವಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ತೊಡೆಯ ಮೇಲೆ ನನ್ನ ಏಪ್ರನ್, ನೀಟಾಗಿ ಮಡಚಿದ್ದು. ಓಡಿಹೋಗಿ, "ಅದು ನಂದು ಯವ್ವಾ!" ಎಂದು ಕೈಹಾಕಿದೆ. ಅವಳು ಅದನ್ನು ಎದೆಗೆ ಒತ್ತಿಕೊಂಡಳು.

"ತಡಿ ತಡಿ. ನಿನ್ನ ಮಾರಿ ನಾ ನೋಡಿಲ್ಲ. ಕಿಟಕ್ಯಾಗ ಕೈ ಅಷ್ಟ ಕಂಡಿತ್ತು. ಎಲ್ಲಿ, ಕೈ ತೋರ್ಸು."

ಚಾಚಿದೆ. ಮಣಿಕಟ್ಟಿನಲ್ಲಿ ಅವ್ವ ಕಟ್ಟಿದ ಕರಿದಾರವಿತ್ತು. ಮುದುಕಿ ಅದನ್ನು ಬೆರಳಿನಿಂದ ತಿರುಗಿಸಿ ನೋಡಿದಳು.

"ಹೌದು, ಇದ ಕೈ. ದಾರಿ ತುಂಬ ಒಬ್ರನ್ನೂ ಕುಂದ್ರಾಕ ಬಿಟ್ಟಿಲ್ಲ ನೋಡು. ಮುಂದಿನ ಸ್ಟಾಪಿನ್ಯಾಗ ಹತ್ತತಾಳ, ಹತ್ತತಾಳ ಅಂದೆ. ನಿಂತ ಮಂದಿ ಬೈದ್ರು. ಬೈಲಿ ಬಿಡು. ಮಗಳ ಮನಿಗಿ ಹೋಗೋದದ, ನೀ ಬರ್ತಿ ಅಂತ ಕುಂತೀನಿ."

ಏಪ್ರನ್ನನ್ನು ನನ್ನ ಇನ್ನೊಂದು ಕೈಗಿಟ್ಟಳು. ಜೇಬಿನಲ್ಲಿ ಪುಸ್ತಕ ಹಾಗೇ ಇತ್ತು. ಕುಣಿದಾಡಬೇಕಿತ್ತು ನಾನು. ಆದರೆ ಅವಳನ್ನೇ ನೋಡುತ್ತ ನಿಂತೆ. ದೇವದುರ್ಗದಿಂದ ಮಾನ್ವಿಯವರೆಗೆ, ತುಂಬಿದ ಬಸ್ಸಿನಲ್ಲಿ, ನನ್ನ ಜಾಗ ನನಗಾಗಿ ಖಾಲಿಯೇ ಬಂದಿತ್ತು.

ಮುದುಕಿ ಇನ್ನೂ ಕೈ ಬಿಟ್ಟಿರಲಿಲ್ಲ.

"ಮಾರಿ ಎಷ್ಟು ಬಾಡೇದ! ಉಂಡೀಯೇನು?"

ಹೂಂ ಎನ್ನಲು ಬಾಯಿ ತೆರೆದೆ. ರೂಢಿಯಾಗಿತ್ತಲ್ಲ.

"ಇಲ್ಲ ಬೇ, ಉಂಡಿಲ್ಲ," ಎಂದವಳೇ ಅಷ್ಟು ಜನರ ನಡುವೆ ಗಳಗಳನೆ ಅತ್ತುಬಿಟ್ಟೆ.